ಎಡಗಾಲಿನ ಚಪ್ಪಲಿ

"ಈ ಫೋಟೋ ಉಲ್ಟಾ ಆಗಿದೆಯಾ ಸಾರ್?"

ಇನ್ಸ್‌ಪೆಕ್ಟರ್ ಟೀ ಲೋಟ ಕೆಳಗಿಟ್ಟರು. "ಉಲ್ಟಾ ಅಂದ್ರೆ?"

"ಕನ್ನಡಿಯಲ್ಲಿ ಕಾಣೋ ಹಾಗೆ. ಎಡ ಬಲಕ್ಕೆ, ಬಲ ಎಡಕ್ಕೆ."

"ಇದು ಸ್ಟೇಷನ್ನಮ್ಮ, ನಿಮ್ಮ ಸ್ಟುಡಿಯೋ ಅಲ್ಲ. ಫೋಟೋದ ಮೂಲೆಯಲ್ಲಿ ನಮ್ಮ ಪೇದೆ ನಿಂತಿದ್ದಾನಲ್ಲ, ಅವನ ಎದೆ ಮೇಲಿನ ಹೆಸರುಪಟ್ಟಿ ಓದಿ. ಅಕ್ಷರ ನೆಟ್ಟಗಿದೆ."

ನೆಟ್ಟಗೇ ಇತ್ತು. ಕತ್ತರಿಯಕ್ಕ ಫೋಟೋದ ಮೇಲೆ ಬಾಗಿದಳು.

ಸಿನಿಮಾದ ಸಂಕಲನ ಅವಳ ಕಸುಬು. ಬೇಡದ್ದನ್ನು ಕತ್ತರಿಸಿ ಬೇಕಾದದ್ದನ್ನು ಜೋಡಿಸುವವಳು, ಹಾಗಾಗಿ ಸ್ಟುಡಿಯೋದಲ್ಲಿ ಎಲ್ಲರಿಗೂ ಅವಳು ಕತ್ತರಿಯಕ್ಕ. ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವರೂ ಅಕ್ಕ ಎಂದೇ ಕರೆಯುತ್ತಿದ್ದರು.

ಮೇಜಿನ ಮೇಲಿದ್ದ ಫೋಟೋದಲ್ಲಿ, ಸಿನಿಮಾಕ್ಕೆ ಬಂದಿದ್ದ ಹೊಸ ಹುಡುಗಿ ಸೆಟ್ಟಿನ ಸಿಮೆಂಟು ನೆಲದ ಮೇಲೆ ಅಂಗಾತ ಮಲಗಿದ್ದಳು. ಜಡೆ ಎಡ ಭುಜದ ಮೇಲೆ. ಬಲಗೈ ಹೊಟ್ಟೆಯ ಮೇಲೆ. ಬಲಗಾಲಿಗೆ ಚಪ್ಪಲಿ ಇತ್ತು. ಎಡಗಾಲು ಬರಿದು. ಯಾರೋ ಕುತ್ತಿಗೆ ಒತ್ತಿ ಕೊಂದು, ಆಮೇಲೆ ಪುರುಸೊತ್ತಾಗಿ ಹಾಗೆ ಮಲಗಿಸಿದ್ದರು.

ನಿನ್ನೆ ಬೆಳಗ್ಗೆ ಸೆಟ್ಟಿನ ಬಾಗಿಲು ತೆಗೆದವರಿಗೆ ಕಂಡದ್ದು ಇದು. ಅದಕ್ಕೂ ಮುಂಚೆ ಹಿಂದಿನ ಗೋಡೆ ಹಾರಿ ಓಡಿದವನನ್ನು ಕಾವಲುಗಾರ ಗುರುತಿಸಿದ್ದ. ಮಧ್ಯಾಹ್ನದ ಹೊತ್ತಿಗೆ ಕತ್ತರಿಯಕ್ಕನ ತಮ್ಮ ಲಾಕಪ್ಪಿನಲ್ಲಿದ್ದ.

"ನನ್ನ ತಮ್ಮ ಇದನ್ನ ಮಾಡಿಲ್ಲ ಸಾರ್."

"ಎಲ್ಲ ಅಕ್ಕಂದಿರೂ ಹೀಗೇ ಹೇಳ್ತಾರೆ. ನಮ್ಮ ಅಕ್ಕನೂ ನನ್ನ ಬಗ್ಗೆ ಹೇಳ್ತಿದ್ದಳು, ನಾನು ಪೊಲೀಸ್ ಸೇರೋ ತನಕ." ಇನ್ಸ್‌ಪೆಕ್ಟರ್ ಕುರ್ಚಿ ಮುಂದಕ್ಕೆಳೆದುಕೊಂಡರು. "ನೋಡಿ, ನಿಮ್ಮ ಸ್ಟುಡಿಯೋದ ಆ ಹಳೇ ಧಾರಾವಾಹಿ ನಾನೂ ನೋಡಿದವನೇ. ಹುಡುಗಿಯನ್ನ ಕೊಂದವರು ಯಾರು ಅಂತ ವರ್ಷಗಟ್ಟಲೆ ಎಳೆದು, ಕೊನೆಗೂ ಹೇಳದೆ ನಿಲ್ಲಿಸಿಬಿಟ್ರಿ. ಊಟ ಬಡಿಸಿ ತಟ್ಟೆ ಕಿತ್ತುಕೊಂಡ ಹಾಗೆ. ಜನ ಹುಚ್ಚರಾಗದೆ ಇರ್ತಾರಾ?"

ಹುಚ್ಚರಾಗಿದ್ದರು. ಧಾರಾವಾಹಿ ನಿಂತ ಮೇಲೆ ಹುಚ್ಚು ಇನ್ನೂ ಬೆಳೆಯಿತು. ಅಭಿಮಾನಿಗಳು ಸಂಘ ಕಟ್ಟಿದರು, ಒಂದೊಂದು ದೃಶ್ಯಕ್ಕೆ ಹತ್ತು ಅರ್ಥ ಹಚ್ಚಿದರು. ಸಭೆಗೆ ಬರುವಾಗ ಒಂದೇ ಚಪ್ಪಲಿ ಹಾಕಿಕೊಂಡು ಬರುವುದು ಅವರ ಗುರುತು. ಟೀವಿಯ ಹೆಣಕ್ಕೆ ಇದ್ದದ್ದು ಒಂದೇ ಚಪ್ಪಲಿ. ಸಂಘದ ಮುಂದಾಳು ಅವಳ ತಮ್ಮ.

ಈಗ ಅದೇ ನಿರ್ದೇಶಕರು, ಎಲ್ಲರೂ ದೊಡ್ಡವರು ಎಂದು ಕರೆಯುವವರು, ಅದರ ಪೂರ್ವಕಥೆಯನ್ನು ಸಿನಿಮಾ ಮಾಡುತ್ತಿದ್ದರು. ಆ ಹುಡುಗಿಯ ಕೊನೆಯ ದಿನಗಳು. ಧಾರಾವಾಹಿಯಲ್ಲಿದ್ದ ನಗೆಯನ್ನೆಲ್ಲ ತೆಗೆದು, ಕತ್ತಲೆಯನ್ನಷ್ಟೇ ಉಳಿಸಿಕೊಂಡಿದ್ದರು. ಅಂದು ಹೆಣವಾಗಿ ಮಲಗಿದ್ದ ನಟಿಗೆ ಈಗ ವಯಸ್ಸಾಗಿತ್ತು. ಅವಳಿಗೆ ತಾಯಿಯ ಪಾತ್ರ ಕೊಟ್ಟು, ಬದುಕಿರುವ ಹುಡುಗಿಯ ಪಾತ್ರಕ್ಕೆ ಹೊಸಬಳನ್ನು ತಂದರು.

"ನಿಮ್ಮ ತಮ್ಮ ಈ ಹೊಸ ಹುಡುಗಿಯ ಎದುರಿಗೇ ನಿಂತು, ನೀನು ಅವಳಲ್ಲ, ನೀನು ಅವಳಾಗೋಕೆ ಸಾಧ್ಯವಿಲ್ಲ ಅಂತ ಕೂಗಾಡಿದ್ದಾನೆ. ಊರೆಲ್ಲ ಕೇಳಿದೆ. ಈಗ ಅವಳು ಧಾರಾವಾಹಿಯ ಹೆಣದ ಹಾಗೇ ಬಿದ್ದಿದ್ದಾಳೆ."

"ಹಾಗೇ ಬಿದ್ದಿಲ್ಲ ಸಾರ್. ಅದನ್ನೇ ಹೇಳೋಕೆ ಬಂದೆ. ಟೀವಿಯಲ್ಲಿ ಯಾವ ಕಾಲು ಬರಿಗಾಲು?"

ಇನ್ಸ್‌ಪೆಕ್ಟರ್ ಯೋಚಿಸಿದರು. ಬಾಗಿಲಲ್ಲಿದ್ದ ಪೇದೆ ತಾನಾಗಿಯೇ, "ಬಲಗಾಲು ಸಾರ್," ಎಂದ. ಅವರು ತಿರುಗಿ ನೋಡಿದ ಮೇಲೆ ಅವನಿಗೆ ಎಲ್ಲಿಲ್ಲದ ನಾಚಿಕೆಯಾಯಿತು.

"ಇಲ್ಲಿ ಎಡಗಾಲು," ಎಂದಳು ಕತ್ತರಿಯಕ್ಕ. "ಟೀವಿಯಲ್ಲಿ ಜಡೆ ಬಲಕ್ಕಿದೆ, ಇಲ್ಲಿ ಎಡಕ್ಕೆ. ಅಲ್ಲಿ ಎಡಗೈ ಹೊಟ್ಟೆ ಮೇಲಿದೆ, ಇಲ್ಲಿ ಬಲಗೈ. ಒಂದು ತಪ್ಪಾದ್ರೆ ಗಾಬರಿ ಅನ್ನಬಹುದು. ಎಲ್ಲವೂ ಅಚ್ಚುಕಟ್ಟಾಗಿ ಅದಲು ಬದಲಾಗಿದೆ. ಇಷ್ಟು ವರ್ಷ ಬಲಗಾಲು ಬರಿದು ಮಾಡಿಕೊಂಡು ಓಡಾಡಿದವನು ಇದರಲ್ಲಿ ತಪ್ಪೋದಿಲ್ಲ."

"ಹಾಗಾದ್ರೆ ಯಾರು ತಪ್ತಾರೆ?"

"ತಪ್ಪಿಲ್ಲ ಸಾರ್. ಶೂಟಿಂಗ್ ದಿನ ಹುಡುಗಿ ಮಲಗಿದ್ದದ್ದು ಹೀಗೇ. ಟೀವಿಯಲ್ಲಿ ಕಾಣೋದು ನಾನು ತಿರುಗಿಸಿದ್ದು."

ಹೇಳಿ ಮುಗಿಸುವಷ್ಟರಲ್ಲಿ ಇನ್ಸ್‌ಪೆಕ್ಟರರ ಟೀ ತಣ್ಣಗಾಯಿತು. ಹೆಣದ ಶಾಟಿನ ಹಿಂದುಮುಂದೆ ಪತ್ತೇದಾರನ ಮುಖ ಬರುತ್ತದೆ. ಕ್ಯಾಮೆರಾ ಆ ಕಡೆಯಿಂದ ಹಿಡಿಯಬೇಕಾದದ್ದನ್ನು ಈ ಕಡೆಯಿಂದ ಹಿಡಿದುಬಿಟ್ಟಿತ್ತು. ಜೋಡಿಸಿದರೆ ಪತ್ತೇದಾರ ಹೆಣವನ್ನು ಬಿಟ್ಟು ಗೋಡೆ ನೋಡುತ್ತಿರುವಂತೆ ಕಾಣುತ್ತಿತ್ತು. ಚಿತ್ರದಲ್ಲಿ ಎಲ್ಲೂ ಅಕ್ಷರ ಇರಲಿಲ್ಲ, ಗಡಿಯಾರ ಇರಲಿಲ್ಲ. ಅವಳು ಇಡೀ ಚಿತ್ರವನ್ನು ಕನ್ನಡಿಯಂತೆ ಮಗುಚಿದಳು. ನೋಟ ಕೂಡಿತು. ದೊಡ್ಡವರೂ ಗಮನಿಸಲಿಲ್ಲ. ಗುಟ್ಟು ಬಯಲಾಗಬಾರದೆಂದು ಅಂದು ಸೆಟ್ಟಿನಲ್ಲಿ ಫೋಟೋ ತೆಗೆಯಲು ಯಾರನ್ನೂ ಬಿಟ್ಟಿರಲಿಲ್ಲ.

"ಅಂದ್ರೆ," ಇನ್ಸ್‌ಪೆಕ್ಟರ್ ನಿಧಾನವಾಗಿ ಹೇಳಿದರು, "ಇವಳನ್ನ ಮಲಗಿಸಿದವರು ಅವತ್ತು ಅಲ್ಲಿದ್ದವರು. ಕಣ್ಣಾರೆ ನೋಡಿದ್ದು ನೆನಪಿದೆ, ಟೀವಿಯಲ್ಲಿ ನೋಡಿಲ್ಲ."

"ಹೌದು."

"ನಿಮಗೂ ಅಸಲಿ ಗೊತ್ತಿತ್ತಲ್ಲ?"

"ಗೊತ್ತಿತ್ತು. ಬೇಕಾದ್ರೆ ನನ್ನನ್ನೂ ಒಳಗೆ ಹಾಕಿ. ತಮ್ಮನಿಗೆ ಜೊತೆಯಾಗುತ್ತೆ."

ಅವರು ನಗಲಿಲ್ಲ, ಆದರೆ ಮೀಸೆ ಅಲುಗಿತು. "ಉಳಿದ ಚಪ್ಪಲಿಯ ಬಕಲಿಗೆ ಒರಟು ನೂಲಿನ ಎಳೆ ಸಿಕ್ಕಿಕೊಂಡಿದೆ. ಕೈಗವಸಿನದಿರಬಹುದು. ಎಡಗಾಲಿನ ಚಪ್ಪಲಿ ಸಿಕ್ಕಿಲ್ಲ. ಸಂಜೆ ನಿಮ್ಮ ತಮ್ಮನನ್ನ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು. ಅವತ್ತು ಅಲ್ಲಿದ್ದವರು ಯಾರು, ಟೀವಿ ನೋಡದವರು ಯಾರು, ಅಷ್ಟು ಹೇಳಿ. ಬಿಟ್ಟು ಕಳಿಸ್ತೀನಿ."

ಹೊರಡುವ ಮುಂಚೆ ತಮ್ಮನನ್ನು ನೋಡಲು ಬಿಟ್ಟರು. ಅವನು ಮೂಲೆಯಲ್ಲಿ ಮಂಡಿ ತಬ್ಬಿಕೊಂಡು ಕುಳಿತಿದ್ದ. ಎಡಗಾಲಿಗೆ ಚಪ್ಪಲಿ, ಬಲಗಾಲು ಬರಿದು.

"ಈ ಅವತಾರದಲ್ಲೇ ಗೋಡೆ ಹಾರಿದ್ಯಾ?"

"ಬೇರೆ ಹೇಗೆ ಹಾರ್ಲಿ? ಆ ಸೆಟ್ಟೊಳಗೆ ಎರಡೂ ಚಪ್ಪಲಿ ಹಾಕ್ಕೊಂಡು ಹೋಗೋಕಾಗುತ್ತಾ?" ನಗಲು ನೋಡಿದ, ಆಗಲಿಲ್ಲ. ಕಂಬಿಯ ಹತ್ತಿರ ಬಂದು ದನಿ ತಗ್ಗಿಸಿದ. "ಅಕ್ಕ, ಅಣ್ಣ ಏನಾದ್ರೂ ಹೇಳಿದ್ನಾ?"

"ಏನು ಹೇಳ್ಬೇಕು? ಅವನು ಮಾತಾಡೋದೇ ಹಬ್ಬಕ್ಕೋ ಹುಣ್ಣಿಮೆಗೋ."

"ಏನೂ ಹೇಳಿಲ್ವಾ?"

"ಬೈತಾನೆ ಅಂತ ಭಯಾನಾ? ಮೊದಲು ಹೊರಗೆ ಬಾ. ಬೈಸ್ಕೊಳ್ಳೋದು ಇದ್ದೇ ಇದೆ."

ತಮ್ಮ ಏನೋ ಹೇಳಲು ಬಾಯಿ ತೆರೆದ. ಪೇದೆ ಬೀಗದ ಕೈ ಕುಲುಕಿದ.

ಎಡಿಟಿಂಗ್ ರೂಮಿನಲ್ಲಿ ಹಳೆಯ ಟೇಪು ಹುಡುಕಲು ಹೊತ್ತು ಹಿಡಿಯಲಿಲ್ಲ. ಹಿಡಿದಿದ್ದರೇ ಚೆನ್ನಾಗಿತ್ತು ಎನಿಸಿತು.

ಪರದೆಯ ಮೇಲೆ ಸಿಮೆಂಟು ನೆಲ ಬಂತು. ಅದರ ಮೇಲೆ ಹುಡುಗಿ. ಅಂದು ಯಾರೂ ಅರಿಯದ ನಟಿ, ಇಂದು ಕತ್ತರಿಯಕ್ಕನ ಅತ್ತಿಗೆ. ಆ ಸೆಟ್ಟಿನಲ್ಲೇ ಅಣ್ಣನಿಗೂ ಅವಳಿಗೂ ಪರಿಚಯವಾದದ್ದು. ಆಗ ಅವನು ಸೆಟ್ ಕಟ್ಟುವ ಬಡಗಿಗಳಲ್ಲಿ ಒಬ್ಬ. ಈಗ ಆ ಕೆಲಸಕ್ಕೆ ಅವನೇ ಯಜಮಾನ.

ಟೇಪಿನಲ್ಲಿ ಹುಡುಗಿಗೆ ಇನ್ನೂ ಎರಡೂ ಚಪ್ಪಲಿ ಇದ್ದವು. ಚೌಕಟ್ಟಿನ ಅಂಚಿನಿಂದ ಒಂದು ಕೈ ಬಂತು. ಒರಟು ಬಟ್ಟೆಯ ಕೈಗವಸು ತೊಟ್ಟ ಕೈ. ಅದು ಜಡೆಯನ್ನು ಎಡ ಭುಜಕ್ಕೆ ಸರಿಸಿತು. ಬಲಗೈ ಎತ್ತಿ ಹೊಟ್ಟೆಯ ಮೇಲಿಟ್ಟಿತು. ಆಮೇಲೆ ಎಡಗಾಲಿನ ಬಕಲು ಬಿಚ್ಚಿ ಚಪ್ಪಲಿ ತೆಗೆದುಕೊಂಡು ಹೋಯಿತು. ಮುಖ ಚೌಕಟ್ಟಿನೊಳಗೆ ಬರಲೇ ಇಲ್ಲ.

ಆಗ ಕ್ಯಾಮೆರಾದ ಹಿಂದಿನಿಂದ ಒಂದು ದನಿ ಕೇಳಿಸಿತು. "ಗೆರೆ ದಾಟಿ ಈ ಕಡೆಯಿಂದ ಹಿಡಿದುಬಿಟ್ಟೆ ಅನ್ಸುತ್ತೆ. ಇರ್ಲಿ, ಮನೇಲಿ ಹೇಗಿದ್ರೂ ಬೈಸ್ಕೋಬೇಕು."

ಅಂದು ಕ್ಯಾಮೆರಾ ಹಿಡಿದಿದ್ದ ಅವಳ ಗಂಡ. ಬೈಯುವ ಮನೆ ಇನ್ನೂ ಇತ್ತು, ಬೈಸಿಕೊಳ್ಳುವವನು ಇರಲಿಲ್ಲ.

ಅವಳು ಟೇಪು ನಿಲ್ಲಿಸಿದಳು. ಸ್ವಲ್ಪ ಹೊತ್ತು ಕೈ ಗುಂಡಿಯ ಮೇಲೇ ಇತ್ತು. ಇನ್ನೊಂದು ಸಲ ಕೇಳಬಹುದಿತ್ತು. ಕೇಳಲಿಲ್ಲ.

ಕೆಲಸ ನಿಂತಿದ್ದರೂ ದೊಡ್ಡವರು ಯಾರನ್ನೂ ಮನೆಗೆ ಬಿಟ್ಟಿರಲಿಲ್ಲ. ಸ್ಟುಡಿಯೋ ಅಂಗಳದಲ್ಲಿ ಜನ ಗುಂಪುಗುಂಪಾಗಿ ನಿಂತು ಪಿಸುಗುಡುತ್ತಿದ್ದರು. ಕತ್ತರಿಯಕ್ಕ ಬಂದದ್ದು ಕಂಡು ಸುಮ್ಮನಾದರು. ನೇರ ಮೇಕಪ್ ಕೋಣೆಗೆ ನಡೆದಳು.

ಅತ್ತಿಗೆ ಕನ್ನಡಿಯ ಮುಂದಿದ್ದಳು. ತಲೆಗೆ ತಾಯಿಯ ಪಾತ್ರದ ನರೆ ಬಳಿದಿದ್ದರು, ಯಾರೂ ತೆಗೆದಿರಲಿಲ್ಲ. ಅವಳೊಬ್ಬಳೇ ಇದ್ದಳು.

"ಬಾರೇ ಕತ್ತರಿ. ಊಟ ಮಾಡಿದ್ಯಾ?"

"ಅತ್ತಿಗೆ, ಒಂದು ಕೆಲಸ ಆಗ್ಬೇಕು. ಆ ಹೆಣದ ದೃಶ್ಯದಲ್ಲಿ ಮಲಗಿದ್ರಲ್ಲ, ಹಾಗೆ ಮಲಗಿ ತೋರಿಸಿ."

ಅತ್ತಿಗೆ ಕನ್ನಡಿಯೊಳಗಿನಿಂದಲೇ ಅವಳನ್ನು ನೋಡಿದಳು. "ನಿನಗೂ ಹಿಡೀತಾ ಹುಚ್ಚು?"

"ತಮಾಷೆಗಲ್ಲ."

"ತಮಾಷೆ ಅಲ್ಲ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ. ತಮಾಷೆ ಆಗಿದ್ರೆ ಮಲಗ್ತಿದ್ದೆ."

"ತಮ್ಮನಿಗೋಸ್ಕರ ಅತ್ತಿಗೆ."

ಅತ್ತಿಗೆ ಎದ್ದಳು. ಸೆರಗು ಸಿಕ್ಕಿಸಿಕೊಂಡು ನೆಲದ ಮೇಲೆ ಕೂತು, ಮಲಗಿದಳು. ಕ್ಷಣವೂ ಯೋಚಿಸಲಿಲ್ಲ. ಜಡೆ ಬಲಕ್ಕೆ ಹೋಯಿತು. ಎಡಗೈ ಹೊಟ್ಟೆಗೆ ಬಂತು. ಬಲಗಾಲಿನ ಚಪ್ಪಲಿಯನ್ನು ಹೆಬ್ಬೆರಳಿನಿಂದ ತಳ್ಳಿ ಕಣ್ಣು ಮುಚ್ಚಿದಳು.

ಟೀವಿಯಲ್ಲಿ ಇದ್ದ ಹಾಗೆ. ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಕತ್ತರಿಯಕ್ಕ ಗೋಡೆಗೊರಗಿದಳು. ಅತ್ತಿಗೆಗೆ ನೆನಪಿದ್ದದ್ದು ಟೀವಿಯ ಹೆಣ; ಹೊಸ ಹುಡುಗಿಯನ್ನು ಮಲಗಿಸಿದವಳು ಅವಳಲ್ಲ.

"ಸಾಕಾ? ನೆಲ ತಣ್ಣಗಿದೆ," ಎಂದಳು ಅತ್ತಿಗೆ, ಕಣ್ಣು ತೆರೆಯದೆ. "ಅಂಗಡಿ ಉದ್ಘಾಟನೆಗೆ ಕರೆದ್ರೂ ಒಂದ್ಸಲ ಸತ್ತು ತೋರಿಸಿ ಮೇಡಂ ಅಂತಾರೆ. ಬಲಗಾಲು ಬರಿಗಾಲು, ಅದೊಂದೇ ನನಗೆ ಬರೋ ನಟನೆ. ಆ ಹೊಸ ಹುಡುಗಿ ಪಾಪ ಕೇಳ್ತಿತ್ತು, ಅಕ್ಕ ಸಾಯೋದು ಹೇಗೆ ಅಂತ ಹೇಳಿಕೊಡಿ ಅಂತ. ಅದಕ್ಕೇನಮ್ಮ ಅವಸರ, ಮೊದಲು ಬದುಕಿರೋ ದೃಶ್ಯ ಮುಗಿಸು ಅಂದೆ."

ಅವಳ ದನಿ ಒಡೆಯಿತು. ಎದ್ದು ಕುಳಿತು ಚಪ್ಪಲಿಗಾಗಿ ತಡಕಾಡಿದಳು.

ಆ ಸಮಾಧಾನದಲ್ಲಿ ಕತ್ತರಿಯಕ್ಕ ಎಲ್ಲವನ್ನೂ ಹೇಳಿಬಿಟ್ಟಳು. ಮಗುಚಿದ ಚಿತ್ರ, ಎಡಗಾಲು, ಬಕಲಿನ ನೂಲು, ಟೇಪಿನಲ್ಲಿ ಕಂಡ ಕೈ. ಅಂದು ಅಲ್ಲಿದ್ದು, ಆಮೇಲೆ ಟೀವಿ ನೋಡದವರು ಯಾರೋ ಅವರೇ ಇದನ್ನು ಮಾಡಿದ್ದಾರೆ ಎಂದಳು.

"ಆ ಕೈ ಯಾರದು ಅತ್ತಿಗೆ? ಅವತ್ತು ನಿಮ್ಮನ್ನ ಮಲಗಿಸಿದ್ದು ಯಾರು?"

ಅತ್ತಿಗೆ ಚಪ್ಪಲಿ ಹಾಕಿಕೊಳ್ಳುವುದನ್ನು ನಿಲ್ಲಿಸಿದಳು.

"ಮೊದಲು ಬರಿಗೈಯಲ್ಲೇ ಮುಟ್ಟಿದ್ರು," ಎಂದಳು. "ಕೈ ಮಂಜುಗಡ್ಡೆ ಹಾಗಿತ್ತು. ನಾನು ಬೆಚ್ಚಿಬಿದ್ದೆ. ಹೆಣ ಬೆಚ್ಚಿಬಿದ್ರೆ ಹೇಗೆ ಅಂತ ದೊಡ್ಡವರು ಬೈದ್ರು. ಪಾಪ, ಅದಕ್ಕೇ ಹೋಗಿ ಕೈಗವಸು ಹಾಕ್ಕೊಂಡು ಬಂದ್ರು, ನನಗೆ ಚಳಿ ತಾಗಬಾರದು ಅಂತ. ಅವತ್ತೇ ಅನ್ನಿಸ್ತು, ಇಂಥವರ ಜೊತೆ ಬಾಳಬಹುದು ಅಂತ."

ಹೊರಗೆ ಯಾರೋ ಹಲಗೆಗೆ ಮೊಳೆ ಹೊಡೆಯುತ್ತಿದ್ದರು. ಆ ಸದ್ದನ್ನು ಕತ್ತರಿಯಕ್ಕ ಬಾಲ್ಯದಿಂದ ಬಲ್ಲಳು. ಏನಾದರೂ ಮನಸ್ಸಿಗೆ ಹಚ್ಚಿಕೊಂಡರೆ ಅಣ್ಣ ಮೊಳೆ ಹೊಡೆಯುತ್ತಾನೆ, ಬೇಕಿರಲಿ, ಬೇಡವಿರಲಿ.

"ಅಣ್ಣ ಟೀವಿಯಲ್ಲಿ..."

"ನೋಡಿಲ್ಲ. ಒಂದು ದಿನವೂ ನೋಡಿಲ್ಲ. ನಿನ್ನ ಹೆಣಾನ ನಾನ್ಯಾಕೆ ನೋಡ್ಲಿ ಅಂತಾರೆ. ಶುರುವಾದ್ರೆ ಎದ್ದು ಹೊರಗೆ ಹೋಗ್ತಿದ್ರು."

ಆಗ ಕತ್ತರಿಯಕ್ಕನಿಗೆ ಕಿಟಕಿ ನೆನಪಾಯಿತು. ಧಾರಾವಾಹಿಯ ಹೆಣದ ದೃಶ್ಯ ತೆಗೆದ ಹಳೆಯ ಗೋದಾಮು ಈಗಿಲ್ಲ. ಸಿನಿಮಾಕ್ಕೆ ಅಣ್ಣನೇ ಅದರಂತೆ ಸೆಟ್ ಕಟ್ಟಿದ. ನೋಡಿದರೆ ಟೀವಿಯಲ್ಲಿ ಆ ಕಡೆ ಕಾಣುವ ಕಿಟಕಿ ಇಲ್ಲಿ ಈ ಕಡೆ ಇತ್ತು. ನಾನು ಕಣ್ಣಾರೆ ನೋಡಿದ್ದೀನಿ, ಹೀಗೇ ಇತ್ತು ಎಂದು ಅಣ್ಣ ಎಷ್ಟು ಹೇಳಿದರೂ ದೊಡ್ಡವರು ಕೇಳದೆ ಗೋಡೆ ಒಡೆಸಿ ಕಿಟಕಿ ಬದಲಿಸಿದರು. ಊಟದ ಹೊತ್ತಿನಲ್ಲಿ ಮನೆಮಂದಿಯೆಲ್ಲ ಅವನಿಗೆ ಎಡಬಲ ತಿಳಿಯುವುದಿಲ್ಲವೆಂದು ಗೇಲಿ ಮಾಡಿದ್ದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ನಗು ಮುಗಿದ ಮೇಲೂ ತಮ್ಮ ಮಾತ್ರ, ಅವತ್ತು ಇನ್ನೇನೇನು ಯಾವ ಕಡೆ ಇತ್ತು ಎಂದು ಅಣ್ಣನನ್ನು ಕೆದಕಿ ಕೆದಕಿ ಕೇಳಿದ್ದ.

ಮೇಜಿನ ಮೇಲೆ ಅವಳ ಫೋನು ಹೊಡೆದುಕೊಂಡಿತು. ಇನ್ಸ್‌ಪೆಕ್ಟರ್.

ಕೈ ಚಾಚಿದಳು. ಅತ್ತಿಗೆಯ ಕೈ ಮುಂದಾಯಿತು. ಫೋನಿನ ದನಿ ದೊಡ್ಡದಾಗಿ ಕೇಳುವಂತೆ ಮಾಡಿ, ಇಬ್ಬರ ನಡುವೆ ಇಟ್ಟಳು.

"ಏನಮ್ಮ, ಏನಾದ್ರೂ ಗೊತ್ತಾಯ್ತಾ? ಜೀಪು ಸಿದ್ಧವಾಗಿದೆ."

"ಸಾರ್, ನಾನು ಅವರ ಅತ್ತಿಗೆ," ಎಂದಳು ಅತ್ತಿಗೆ. ದನಿ ಎಳ್ಳಷ್ಟೂ ನಡುಗಲಿಲ್ಲ. "ಅವತ್ತು ಹೆಣವಾಗಿ ಮಲಗಿದ್ದವಳು. ಆ ಧಾರಾವಾಹಿ ನಾನು ಒಂದು ದಿನವೂ ನೋಡಿಲ್ಲ. ನನಗೆ ನೆನಪಿರೋದು ನಾನು ಮಲಗಿದ್ದ ರೀತಿ ಮಾತ್ರ. ಎಡಗಾಲು ಬರಿಗಾಲು."

"ಅತ್ತಿಗೆ, ಬೇಡ," ಎಂದು ಕತ್ತರಿಯಕ್ಕ ಪಿಸುಗುಟ್ಟಿದಳು.

"ನನ್ನ ಪಾತ್ರ ಅವಳಿಗೆ ಕೊಟ್ರು ಸಾರ್. ನನಗೆ ನರೆ ಬಳಿದ್ರು." ಅತ್ತಿಗೆ ತನ್ನ ಮೇಕಪ್ ಪೆಟ್ಟಿಗೆಯ ತಳಕ್ಕೆ ಕೈ ಹಾಕಿದಳು. "ನೀವು ಹುಡುಕ್ತಿರೋ ಚಪ್ಪಲಿ ನನ್ನ ಹತ್ತಿರವೇ ಇದೆ."

ಅದನ್ನು ಮೇಜಿನ ಮೇಲಿಟ್ಟಳು. ಎಡಗಾಲಿನದು.

ಫೋನಿನೊಳಗೆ ಕುರ್ಚಿ ಕಿರುಗುಟ್ಟಿತು. "ಅಲ್ಲೇ ಇರಿ. ಯಾರೂ ಏನೂ ಮುಟ್ಟಬೇಡಿ. ಕತ್ತರಿಯಮ್ಮ, ಇದ್ದೀರಾ? ಇವರು ಹೇಳ್ತಿರೋದು ನಿಜಾನಾ?"

ಕತ್ತರಿಯಕ್ಕ ಚಪ್ಪಲಿಯನ್ನೇ ನೋಡುತ್ತಿದ್ದಳು. ಪೌಡರು, ಬಣ್ಣ, ಹತ್ತಿ ತುಂಬಿದ ಪೆಟ್ಟಿಗೆಯಿಂದ ಬಂದ ಚಪ್ಪಲಿ. ಅದರ ಪಟ್ಟಿಯ ಹೊಲಿಗೆಯಲ್ಲಿ ಪೌಡರು ಇರಲಿಲ್ಲ. ಮರದ ಹೊಟ್ಟು ಇತ್ತು. ಬಡಗಿಯ ಪೆಟ್ಟಿಗೆಯ ತಳದಲ್ಲಿ ಕೂರುವಂಥ ನುಣ್ಣನೆಯ ಹೊಟ್ಟು.

ಅತ್ತಿಗೆಯೂ ಅದನ್ನು ನೋಡಿದಳು. ಆಮೇಲೆ ನಾದಿನಿಯ ಮುಖ ನೋಡಿದಳು.

ನಿಜ ಹೇಳಿದರೆ ತಮ್ಮ ಹೊರಗೆ ಬರುತ್ತಾನೆ, ಅಣ್ಣ ಒಳಗೆ ಹೋಗುತ್ತಾನೆ. ಸುಮ್ಮನಿದ್ದರೂ ತಮ್ಮ ಹೊರಗೆ ಬರುತ್ತಾನೆ.

"ಹಲೋ? ಕೇಳಿಸ್ತಿದೆಯಾ?"

ಕತ್ತರಿಯಕ್ಕ ಬಾಗಿದಳು. ಚಪ್ಪಲಿಯ ಪಟ್ಟಿಯ ಮೇಲೆ ಮೆಲ್ಲನೆ ಊದಿದಳು. ಹೊಟ್ಟು ಹಾರಿ, ಕನ್ನಡಿಯ ದೀಪಗಳ ಬೆಳಕಿನಲ್ಲಿ ಒಂದು ಕ್ಷಣ ಮಿನುಗಿ, ಇಲ್ಲವಾಯಿತು.

ಆಗಲೇ ಅವಳಿಗೆ ಗೊತ್ತಾದದ್ದು, ಹೊರಗೆ ಮೊಳೆ ಹೊಡೆಯುವ ಸದ್ದು ನಿಂತು ಆಗಲೇ ಹೊತ್ತಾಗಿದೆ ಎಂದು.

ಅಣ್ಣ ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ಮೇಜಿನ ಮೇಲಿನ ಚಪ್ಪಲಿಯ ಮೇಲಿತ್ತು. ಫೋನು ಅವನಿಗೆ ಕಾಣುತ್ತಿರಲಿಲ್ಲ, ಅತ್ತಿಗೆಯ ಪೆಟ್ಟಿಗೆ ಅಡ್ಡವಿತ್ತು.

"ಇವಳೇ, ಇದನ್ನ ನನ್ನ ಪೆಟ್ಟಿಗೆಯಿಂದ ಯಾಕೆ ತೆಗೆದೆ?" ಎಂದ, ಮೆತ್ತಗೆ. ಅಳುವ ಮಗುವನ್ನು ಕೇಳುವ ಹಾಗೆ. "ಬಚ್ಚಿಡು, ಯಾರಿಗೂ ಹೇಳಬೇಡ ಅಂತ ನಿನ್ನೆ ಬೆಳಗ್ಗೆ ನನ್ನ ತಮ್ಮನೇ ತಂದು ಕೊಟ್ಟದ್ದು ಕಣೇ ಅದು."

ಅತ್ತಿಗೆ ಫೋನಿನತ್ತ ಕೈ ಚಾಚಿದಳು.

"ಅಲ್ಲಿ ಈಗ ಬಂದವರು ಯಾರಮ್ಮ?" ಎಂದಿತು ಫೋನು.